ಬ್ಯಾನರಕ್ಕನ ಕಂಪ್ಯೂಟರಿಗೆ ಓರಣ್ಣ ಬಂದದ್ದು

ಬ್ಯಾನರಕ್ಕನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು. ಅದನ್ನು ಬ್ಯಾಂಕಿನವರು ಮಾತ್ರ ಬಳಸುತ್ತಿದ್ದರು, ಅದೂ ತಪ್ಪಾಗಿ. ಬೀದಿಯವರಿಗೆಲ್ಲ ಅವಳು ಬ್ಯಾನರಕ್ಕ. ಐದು ಮಹಡಿಯ ಹಳೇ ಕಟ್ಟಡವೊಂದರ ಮೆಟ್ಟಿಲಿನ ಕೆಳಗೆ ಅವಳ ಅಂಗಡಿ. ಒಳಗೆ ಬರುವವರು ಮೊದಲು ತಲೆ ತಗ್ಗಿಸಬೇಕು, ಆಮೇಲೆ ಹೊಟ್ಟೆ ಒಳಗೆಳೆದುಕೊಳ್ಳಬೇಕು, ಕೊನೆಗೆ ಮೊಣಕೈ ಪ್ರಿಂಟರಿಗೆ ತಗಲದ ಹಾಗೆ ತಿರುಗಿ ನಿಲ್ಲಬೇಕು. ಮದುವೆ ಕಾಗದ, ವಿಸಿಟಿಂಗ್ ಕಾರ್ಡು, ಅಂಗಡಿ ಬೋರ್ಡು, ಮನೆ ಬಾಡಿಗೆಗಿದೆ ಎಂಬ ಚೀಟಿ, ಬೆಕ್ಕು ಕಳೆದಿದೆ ಎಂಬ ಪೋಸ್ಟರು, ಹುಟ್ಟಿದ್ದಕ್ಕೂ ಸತ್ತದ್ದಕ್ಕೂ ಬ್ಯಾನರು, ಏನೇ ಬೇಕಾದರೂ ಜನ ಅಲ್ಲಿಗೇ ಬರುತ್ತಿದ್ದರು. ಮೇಲೆ ಯಾರಾದರೂ ಮೆಟ್ಟಿಲು ಹತ್ತಿದರೆ ಕೆಳಗೆ ಮಾನಿಟರು ಸಣ್ಣಗೆ ನಡುಗುತ್ತಿತ್ತು. ಕಾರ್ಡು ಕತ್ತರಿಸುವಾಗ ಫ್ಯಾನು ಆರಿಸಲು ಮರೆತರೆ ಮಾಡಿದ ಕೆಲಸವೆಲ್ಲ ಬೀದಿಪಾಲಾಗುತ್ತಿತ್ತು.

ಗಂಡ ಲಿಫ್ಟ್ ರಿಪೇರಿಯವನು. ಮದುವೆಗೆ ಮುಂಚೆ ಅವಳು ಅದೇ ಕಟ್ಟಡದ ನಾಲ್ಕನೇ ಮಹಡಿಯಲ್ಲಿದ್ದ ಪ್ರೆಸ್ಸಿನಲ್ಲಿ ಟೈಪ್ ಮಾಡುವ ಕೆಲಸಕ್ಕಿದ್ದಳು. ಒಂದು ದಿನ ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತು. ಮೇಲಿನ ಸಂದಿಯಲ್ಲಿ ಒಂದು ಜೊತೆ ಬೂಟು ಕಾಣಿಸಿಕೊಂಡು, "ಹೆದ್ರಬೇಡಿ, ಏನೂ ಮುಟ್ಟಬೇಡಿ" ಎಂದಿತು. ಅವಳು ಹೆದರಿರಲಿಲ್ಲ, ಆದರೆ ಅಷ್ಟು ಹೊತ್ತಿಗಾಗಲೇ ಎಲ್ಲ ಗುಂಡಿಗಳನ್ನೂ ಒತ್ತಿ ಮುಗಿಸಿದ್ದಳು. ಆ ಬೂಟಿನ ಜೊತೆಗೇ ಮುಂದೆ ಅವಳ ಸಂಸಾರ ಸಾಗಿತು.

ಲಿಫ್ಟಿನವನು ಶಿಸ್ತಿನ ಮನುಷ್ಯ. ಸ್ಪ್ಯಾನರುಗಳನ್ನು ಉದ್ದದ ಪ್ರಕಾರ, ಚಪ್ಪಲಿಗಳನ್ನು ಸವೆದ ಪ್ರಕಾರ ಜೋಡಿಸಿಡುವವನು. "ಯಾವ್ದೇ ವಸ್ತುಗೂ ಒಂದು ಮಹಡಿ ಅಂತ ಇರುತ್ತೆ ಕಣೇ" ಎನ್ನುವುದು ಅವನು ದಿನಕ್ಕೊಮ್ಮೆಯಾದರೂ ಆಡುವ ಮಾತು. ಅವಳದ್ದು ಬೇರೆ ಸ್ವಭಾವ. ಆದರೂ ಜಗಳವಿಲ್ಲದೆ ನಡೆದುಹೋಗುತ್ತಿತ್ತು, ಏಕೆಂದರೆ ಮನೆಯ ಆಡಳಿತ ಅವನ ತಾಯಿಯ ಕೈಯಲ್ಲಿತ್ತು, ಆಕೆ ಇಬ್ಬರ ಮಾತನ್ನೂ ಕೇಳುತ್ತಿರಲಿಲ್ಲ. ಅಂಗಡಿಯ ಹಿಂದೆಯೇ ಮನೆ, ನಡುವೆ ಒಂದು ಬಾಗಿಲು. ಮೊಣಕಾಲು ನೋವಿನ ಅತ್ತೆ ಆ ಬಾಗಿಲಿನಾಚೆ ಕುರ್ಚಿ ಹಾಕಿಕೊಂಡು ಕೂತು ಬೆಳಗಿನಿಂದ ಸಂಜೆಯವರೆಗೆ ಸೊಸೆಯನ್ನು ಕರೆಯುತ್ತಿದ್ದರು. ಕನ್ನಡಕ ಎಲ್ಲಿಟ್ಟೆ, ಹಾಲು ಉಕ್ತಾ ಇದೆ, ಟಿವಿಯಲ್ಲಿ ಆ ಹೆಂಗಸು ಮತ್ತೆ ಅಳ್ತಾ ಇದಾಳೆ ಬಂದು ನೋಡು.

ಇನ್ನು ಅವಳ ಕಂಪ್ಯೂಟರಿನ ವಿಷಯ. ಪ್ರೆಸ್ಸಿನ ಕಾಲದಲ್ಲಿ ಕರೆಂಟು ಹೇಳದೆ ಕೇಳದೆ ಹೋಗುತ್ತಿತ್ತು. ಮಾಲೀಕರು ಬೆನ್ನ ಹಿಂದೆ ನಿಂತು "ಸೇವ್ ಮಾಡಮ್ಮ, ಸೇವ್ ಮಾಡು" ಎಂದು ಜೀವ ತಿನ್ನುತ್ತಿದ್ದರು. ಕಂಪ್ಯೂಟರು ಹೆಸರು ಕೇಳುತ್ತಿತ್ತು. ಯೋಚಿಸಲು ಪುರುಸೊತ್ತಿಲ್ಲದೆ ಅವಳು ಆ ಗಳಿಗೆಯಲ್ಲಿ ಮನಸ್ಸಿಗೆ ಬಂದದ್ದನ್ನು ಹೊಡೆದುಬಿಡುತ್ತಿದ್ದಳು. ಸ್ವಂತ ಅಂಗಡಿ ಇಟ್ಟ ಮೇಲೂ ಅಭ್ಯಾಸ ಬಿಡಲಿಲ್ಲ. ಟೈರ್ ಅಂಗಡಿಯ ಕಾರ್ಡಿನ ಹೆಸರು "ಹಲ್ಲುನೋವು". ಅದನ್ನು ತಿದ್ದಿದ ಮೇಲೆ "ಹಲ್ಲುನೋವು ಜಾಸ್ತಿ". ಮಕ್ಕಳ ಡಾಕ್ಟರ ಬೋರ್ಡು "ಕಾಲೊರೆಸಿಕೊಂಡು ಬನ್ನಿ". ಒಂದು ಮದುವೆ ಕಾಗದ "ಇದೇ", ಅದರದೇ ಇನ್ನೊಂದು "ಇದಲ್ಲ", ಕೊನೆಗೆ ಅಚ್ಚಾದದ್ದು "ಅಯ್ಯೋ ಇದೇ". ಅತ್ತೆ ಕರೆದಾಗ ಕೈಯಲ್ಲಿದ್ದ ಕೆಲಸಗಳೆಲ್ಲ "ಅತ್ತೆ", "ಅತ್ತೆ ಮತ್ತೆ", "ಬಂದೆ ಅತ್ತೆ". ಎಲ್ಲವನ್ನೂ ಡೆಸ್ಕ್‌ಟಾಪಿನ ಮೇಲೇ ಹರಡುತ್ತಿದ್ದಳು. ಪರದೆಯ ಮೇಲೆ ಸೂಜಿ ಊರಲು ಜಾಗವಿರಲಿಲ್ಲ.

ಹಾಗಂತ ಒಂದು ಫೈಲೂ ಕಳೆದದ್ದಿಲ್ಲ. ಟೈರಿನವನು ವರ್ಷ ಬಿಟ್ಟು ಬಂದು "ಅಕ್ಕಾ, ನಮ್ಮ ಹಳೇ ಕಾರ್ಡು" ಎಂದರೆ, ಅವಳು ನಾಲಿಗೆಯಿಂದ ಬಲದವಡೆ ತಡವಿ, "ಹಾಂ, ಅವತ್ತು ಹಲ್ಲು ನೋಯ್ತಿತ್ತು" ಎಂದು ನೇರವಾಗಿ ಅದರ ಮೇಲೇ ಬೆರಳಿಡುತ್ತಿದ್ದಳು.

ಕಷ್ಟ ಬಂದದ್ದು ಕಂಪ್ಯೂಟರಿಗೆ. ಬೆಳಿಗ್ಗೆ ಅದು ಕಣ್ಣು ಬಿಡುವಷ್ಟರಲ್ಲಿ ಅತ್ತೆ ಸ್ನಾನ ಮುಗಿಸಿ, ಕಾಫಿ ಕುಡಿದು, ಎರಡು ಮೂರು ಸಲ ಕರೆದಿರುತ್ತಿದ್ದರು. ಒಂದು ಬೆಳಿಗ್ಗೆ ಲಿಫ್ಟಿನವನು ಬೂಟು ಹಾಕಿಕೊಳ್ಳುತ್ತಾ ಇದನ್ನು ನೋಡಿದ.

"ಲಿಫ್ಟ್ ಹೀಗ್ ಮಾಡಿದ್ರೆ ಬಾಗಿಲಿಗೆ ಬೋರ್ಡ್ ನೇತಾಕ್ತಾರೆ. ಓರಣ ಅಂತ ಒಂದು ಬಂದಿದೆ ಕಣೇ, ಕೃತಕ ಬುದ್ಧಿ. ಒಂದೊಂದೇ ಫೈಲ್ ಓದಿ, ಅರ್ಥ ಮಾಡ್ಕೊಂಡು, ತಾನೇ ಜೋಡ್ಸಿಡುತ್ತಂತೆ."

"ಅರ್ಥ ಮಾಡ್ಕೊಂಡು ಅದಕ್ಕೇನಾಗ್ಬೇಕು ರೀ? ನಂಗೆ ಎಲ್ಲಾ ಸಿಗುತ್ತಲ್ಲ."

"ಸಿಗುತ್ತೆ. ನಾಳೆ ನಿಂಗೆ ಹುಷಾರಿಲ್ಲ ಅಂದ್ರೆ?"

"ಹುಷಾರಿಲ್ಲದೇ ಇದ್ದಾಗ್ಲೇ ಚೆನ್ನಾಗಿ ಸಿಗೋದು."

ಅವನು ಬಿಡಲಿಲ್ಲ. ರಜೆಯ ದಿನ ಕೂತು ಓರಣವನ್ನು ಹಾಕಿಯೇ ಹಾಕಿದ. ಅದಕ್ಕೊಂದು ದನಿಯೂ ಇತ್ತು, ಸಭೆಯಲ್ಲಿ ಸ್ವಾಗತ ಭಾಷಣ ಮಾಡುವವರ ದನಿ. "ನಮಸ್ಕಾರ. ತಮ್ಮ ಕಡತಗಳನ್ನು ಓರಣಗೊಳಿಸಲು ಹರ್ಷವಾಗುತ್ತಿದೆ" ಎಂದಿತು.

ಬಾಗಿಲಿನಾಚೆಯಿಂದ ಅತ್ತೆ ಕೇಳಿದರು: "ಯಾರಮ್ಮ ಅದು ಬಂದಿರೋದು?"

"ಓರಣ ಅಂತ, ಅತ್ತೆ."

"ಓರಣ್ಣನಾ? ನಿಲ್ಸಿ ಮಾತಾಡ್ಸಬೇಡ, ಕೂತ್ಕೊಳಕ್ಕೆ ಹೇಳು."

ಅಂದಿನಿಂದ ಅದು ಓರಣ್ಣನೇ ಆಯಿತು. ಓರಣ್ಣ ಫೈಲುಗಳನ್ನೆಲ್ಲ ಒಮ್ಮೆ ತಿರುವಿಹಾಕಿ, ಪ್ರಶ್ನೆಗಳನ್ನು ಶುರುಮಾಡಿದ.

"ತಮ್ಮ ಹಲ್ಲುನೋವಿನ ಅನೇಕ ಪ್ರತಿಗಳಿವೆ. ಇತ್ತೀಚಿನದನ್ನು ಮಾತ್ರ ಉಳಿಸಿಕೊಳ್ಳಲೇ?"

ಬ್ಯಾನರಕ್ಕ ಗಂಡನ ಮುಖ ನೋಡಿ, "ಎಲ್ಲಾ ಇರ್ಲಿ" ಎಂದಳು.

"'ಸಾಕಪ್ಪ ಸಾಕು' ಮತ್ತು 'ಇನ್ನೂ ಇದೆ' ಎಂಬ ಕಡತಗಳು ಪರಸ್ಪರ ವಿರುದ್ಧವಾಗಿವೆ. ಯಾವುದು ಸರಿ?"

"ಎರಡೂ ಸರೀನೇ."

"'ಅತ್ತೆ' ಎಂಬ ಹೆಸರಿನ ಕಡತಗಳು ಬಹುಪಾಲು ಜಾಗವನ್ನು ಆಕ್ರಮಿಸಿಕೊಂಡಿವೆ. ತೆಗೆದರೆ ವೇಗ ಹೆಚ್ಚುತ್ತದೆ. ಅತ್ತೆಯನ್ನು ಅಳಿಸಲೇ?"

ಬಾಗಿಲಿನಾಚೆ ಟಿವಿಯ ಸದ್ದು ನಿಂತಿತು.

"ಬೇಡ" ಎಂದರು ಗಂಡ ಹೆಂಡತಿ ಒಟ್ಟಿಗೆ.

ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿದಿತ್ತು. ಪರದೆ ಗುಡಿಸಿದ ಅಂಗಳದ ಹಾಗೆ ಖಾಲಿ. ಅದರ ಹಿಂದಿನಿಂದ ಅವರಿಬ್ಬರ ಮದುವೆಯ ಫೋಟೊ ಎದ್ದು ಬಂತು.

"ಇದನ್ನ ಯಾವಾಗ ಹಾಕ್ದೆ?" ಎಂದು ಲಿಫ್ಟಿನವನು ಕೇಳಿದ.

"ಕಂಪ್ಯೂಟರ್ ತಂದ ದಿನ. ಆಮೇಲೆ ನಾನೂ ನೋಡಿರ್ಲಿಲ್ಲ."

ಅವನು ತನ್ನ ತಲೆಯ ಮೇಲೆ ಆಗ ಇದ್ದ ಕೂದಲನ್ನು ಬಹಳ ಹೊತ್ತು ನೋಡಿದ. ಮರುದಿನದಿಂದ ಊಟಕ್ಕೆ ಬಂದಾಗಲೆಲ್ಲ ಅಂಗಡಿಯ ಮೂಲಕವೇ ಮನೆಗೆ ಹೋಗುವುದು ರೂಢಿ ಮಾಡಿಕೊಂಡ.

ಆದರೆ ಬ್ಯಾನರಕ್ಕನಿಗೆ ಕೈ ಕಟ್ಟಿದಂತಾಯಿತು. ಓರಣ್ಣ ಹೆಸರನ್ನೂ ಓದಿದ್ದ, ಒಳಗಿನದನ್ನೂ ಓದಿದ್ದ, ಎರಡನ್ನೂ ಕೂಡಿಸಿ ಅರ್ಥ ಮಾಡಿಕೊಂಡಿದ್ದ. ಆರೋಗ್ಯ, ಕುಟುಂಬ, ದೂರುಗಳು, ಇತರ ಸಂಕಟಗಳು ಎಂದು ಫೋಲ್ಡರುಗಳಿದ್ದವು. ಟೈರಿನವನ ಕಾರ್ಡು ಆರೋಗ್ಯದೊಳಗೆ, ಬಾಯಿಯೊಳಗೆ, "ಟೈರಿನಿಂದ ಉಂಟಾದ ಹಲ್ಲುನೋವು" ಎಂಬ ಹೆಸರಿನಲ್ಲಿ ಸಿಕ್ಕಿತು. ಮಕ್ಕಳ ಡಾಕ್ಟರ ಬೋರ್ಡು "ವೈದ್ಯರ ಕಾಲಿನ ನೈರ್ಮಲ್ಯ" ಆಗಿತ್ತು. ಅಚ್ಚಾಗಿ ಹಂಚಿ, ಮದುವೆಯೂ ಆಗಿ, ಮಗುವೂ ಹುಟ್ಟಿದ್ದ ಜೋಡಿಯ ಕಾಗದ "ದೂರುಗಳು" ಎಂಬಲ್ಲಿತ್ತು. ಯಾರು ಏನು ಕೇಳಿದರೂ ಅವಳು ಓರಣ್ಣನನ್ನೇ ಕೇಳಬೇಕಾಗಿ ಬಂತು. ಅವನು ಹರ್ಷದಿಂದ ತೆಗೆದುಕೊಡುತ್ತಿದ್ದ. ತನ್ನ ಅಂಗಡಿಯಲ್ಲಿ ತಾನೇ ಗಿರಾಕಿಯಾದ ಹಾಗೆ ಅವಳಿಗನ್ನಿಸತೊಡಗಿತು.

ಈ ನಡುವೆ ಅತ್ತೆ ಒಂದು ದಿನ ಗೋಡೆ ಹಿಡಿದುಕೊಂಡು ಅಂಗಡಿಯೊಳಗೆ ಬಂದರು. ಸ್ಟೂಲಿನ ಮೇಲೆ ಕೂತು, ಸೆರಗು ಸರಿಮಾಡಿಕೊಂಡು, "ನನ್ ಹೆಸ್ರಲ್ಲಿ ಅಷ್ಟೊಂದು ಇದೆಯಂತಲ್ಲ, ತೋರ್ಸು" ಎಂದರು. ಮುಖದಲ್ಲಿ ಸಣ್ಣ ಹೆಮ್ಮೆಯಿತ್ತು.

ಅವಳು ತೆರೆದು ತೋರಿಸಿದಳು. ಬೇಕರಿಯ ಬೋರ್ಡು. ಕಳೆದುಹೋದ ಬೆಕ್ಕು. ಯಾರದೋ ನಿವೃತ್ತಿಯ ಬ್ಯಾನರು. ಮತ್ತೆ ಅದೇ ಬೆಕ್ಕು.

"ಇದ್ರಲ್ಲಿ ನಾನೆಲ್ಲಿದೀನಿ?"

"ಇವೆಲ್ಲ ನೀವು ಕರೆದಾಗ ಸೇವ್ ಮಾಡಿದ್ದು, ಅತ್ತೆ."

ಅತ್ತೆ ಪರದೆಯ ಮೇಲೆ ಸಾಲು ಸಾಲಾಗಿ ಮೇಲೇರುತ್ತಿದ್ದ ತಮ್ಮ ಹೆಸರನ್ನು ನೋಡಿದರು. "ಇಷ್ಟ್ ಸಲ ಕರ್ದಿದೀನಾ?"

"ಹೂಂ."

"ಅಷ್ಟೂ ಸಲ ಬಂದ್ಯಾ?"

"ಸೇವ್ ಮಾಡಿ ಬಂದೆ."

ಅತ್ತೆ ಗೋಡೆ ಹಿಡಿದುಕೊಂಡು ಎದ್ದುಹೋದರು. ಅಂದು ಅವರು ಕರೆಯಲಿಲ್ಲ. ಮರುದಿನವೂ ಇಲ್ಲ. ಬ್ಯಾನರಕ್ಕನೇ ಬಾಗಿಲಿನಿಂದ ತಲೆ ಹಾಕಿ "ಏನಾದ್ರೂ ಬೇಕಾ ಅತ್ತೆ?" ಎಂದು ಕೇಳಿದಳು.

"ಬೇಡಮ್ಮ. ಜಾಗ ತುಂಬುತ್ತೆ."

ಯಾರೂ ಕರೆಯದ ಮಧ್ಯಾಹ್ನಗಳು ಉದ್ದವಾದವು. ಬ್ಯಾನರಕ್ಕನಿಗೆ ಕೂತಲ್ಲೇ ತೂಕಡಿಕೆ ಬರತೊಡಗಿತು. ಅಂಥ ಒಂದು ಮಧ್ಯಾಹ್ನವೇ ಅವಳಿ ಅಣ್ಣತಮ್ಮಂದಿರ ಕಾರ್ಡು ಅಚ್ಚಾದದ್ದು.

ಬೀದಿಯ ಈ ತುದಿಯಲ್ಲಿ ಬೀಗ ರಿಪೇರಿಯವನು, ಆ ತುದಿಯಲ್ಲಿ ಛತ್ರಿ ರಿಪೇರಿಯವನು. ಅಚ್ಚು ಹೊಡೆದಂತೆ ಒಂದೇ ಮುಖ, ಒಂದೇ ದನಿ. ಮಾತು ಬಿಟ್ಟು ವರ್ಷಗಳಾಗಿದ್ದವು. ಕಾರಣ ಛತ್ರಿಯವನ ಮದುವೆ. ಬಂದ ನೆಂಟರಲ್ಲಿ ಅರ್ಧ ಜನ ಬಾಗಿಲಲ್ಲಿ ನಿಂತಿದ್ದ ಬೀಗದವನ ಕೈಕುಲುಕಿ ಶುಭ ಹಾರೈಸಿದ್ದರು. ಒಬ್ಬೊಬ್ಬರಿಗೂ ನಾನಲ್ಲ ಎಂದು ಹೇಳುವುದು ತಲೆನೋವೆಂದು ಅವನು "ತುಂಬಾ ಸಂತೋಷ, ಊಟ ಮಾಡ್ಕೊಂಡು ಹೋಗಿ" ಎನ್ನುತ್ತಾ ಹೋದ. ಒಳಗಿದ್ದ ಛತ್ರಿಯವನನ್ನು ಆ ಅರ್ಧ ಜನ ತಿರುಗಿಯೂ ನೋಡಲಿಲ್ಲ. "ನನ್ ಮದುವೇಲಿ ಅರ್ಧ ನೀನೇ ಆಗ್ಬಿಟ್ಟೆ" ಎಂದವನು ಆಮೇಲೆ ಮಾತಾಡಲಿಲ್ಲ.

ಇಬ್ಬರೂ ಒಂದೇ ವಾರದಲ್ಲಿ, ಒಬ್ಬರಿಗೊಬ್ಬರು ತಿಳಿಯದೆ, ತಮ್ಮ ಫೋಟೊ ಇರುವ ಹಳೇ ಕಾರ್ಡನ್ನೇ ಮತ್ತೆ ಅಚ್ಚು ಹಾಕಿಕೊಡಲು ಹೇಳಿದ್ದರು. ಅವಳು ಕೇಳಿದಾಗಲೆಲ್ಲ ಓರಣ್ಣ ಒಂದು ಕಾರ್ಡು ತೆಗೆದುಕೊಟ್ಟ. ಅವಳು ಅರೆಗಣ್ಣಿನಲ್ಲಿ ಅಚ್ಚು ಹಾಕಿ, ಕತ್ತರಿಸಿ, ಎರಡು ಡಬ್ಬಿ ತುಂಬಿಸಿ ಕೊಟ್ಟಳು. ಇಬ್ಬರೂ ಅದರಲ್ಲಿ ತಂತಮ್ಮ ಮುಖ ನೋಡಿಕೊಂಡು ಹಂಚಿದರು. ತನ್ನ ಫೋನ್ ನಂಬರನ್ನು ತಾನೇ ಓದಿ ನೋಡುವವರು ಯಾರು?

ಕಾರ್ಡಿನಲ್ಲಿ ಹೀಗಿತ್ತು: "ಬೀಗ ಮತ್ತು ಛತ್ರಿಗಳನ್ನು ತೆರೆದುಕೊಡಲಾಗುವುದು." ಕೆಳಗೆ ಬೀಗದವನ ನಂಬರು. ಅದರ ಕೆಳಗೆ ಛತ್ರಿಯವನ ವಿಳಾಸ.

ಮೊದಲು ಸಿಕ್ಕಿಬಿದ್ದದ್ದು ಮನೆಯ ಕೀಲಿ ಕಳೆದುಕೊಂಡ ಒಬ್ಬ ಟೀಚರು. ಆಕೆ ವಿಳಾಸ ಹಿಡಿದು ಛತ್ರಿ ಅಂಗಡಿಯ ಮುಂದೆ ನಿಂತು ಫೋನ್ ಮಾಡಿದರು. ಬೀಗದವನು ಎತ್ತಿದ.

"ಎಲ್ಲಿದೀರಾ ಮೇಡಂ?"

"ನಿಮ್ ಎದುರಿಗೇ ನಿಂತಿದೀನಲ್ಲ."

ಬೀಗದವನು ಅಂಗಡಿಯಿಂದ ಇಣುಕಿದ. ಎದುರಿಗೆ ಒಂದು ನಾಯಿ ಮಲಗಿತ್ತು. "ಇಲ್ವಲ್ಲ ಮೇಡಂ."

"ನೀವು ನನ್ನನ್ನೇ ನೋಡ್ತಾ ಇದೀರಿ. ಮಾತೂ ಆಡ್ತಾ ಇದೀರಿ. ನಿಮ್ ಬಾಯಿ ಮಾತ್ರ ಯಾಕೆ ಅಲ್ಲಾಡ್ತಾ ಇಲ್ಲ?" ಎಂದರು ಆಕೆ, ಸ್ವಲ್ಪ ಹಿಂದೆ ಸರಿದು.

ಅತ್ತ ಛತ್ರಿಯವನ ಮುಂದೆ ಜನ ಬೀಗ ಬಿದ್ದ ಸೂಟ್‌ಕೇಸುಗಳನ್ನು ತಂದಿಡತೊಡಗಿದರು. ಇದು ನನ್ನ ಕೆಲಸವಲ್ಲ ಎಂದರೆ ಕಾರ್ಡು ತೋರಿಸಿದರು. ಅವನು ಬೇಸತ್ತು ಛತ್ರಿಯ ಕಡ್ಡಿಯೊಂದನ್ನು ಬೀಗದೊಳಗೆ ತೂರಿಸಿದ. ಅದು ತೆರೆದುಕೊಂಡಿತು. ಅವನಿಗೆ ಇನ್ನಷ್ಟು ಸಿಟ್ಟು ಬಂತು.

ಮರುದಿನ ಬೆಳಿಗ್ಗೆ ಇಬ್ಬರೂ ಬೀದಿಯ ಎರಡು ತುದಿಯಿಂದ ಹೊರಟು ಬ್ಯಾನರಕ್ಕನ ಬಾಗಿಲಲ್ಲಿ ಎದುರುಬದುರಾದರು. ಬಾಗಿಲು ತಗ್ಗಾದದ್ದರಿಂದ ಇಬ್ಬರೂ ಒಟ್ಟಿಗೇ ತಲೆ ಬಾಗಿಸಬೇಕಾಯಿತು. ಒಬ್ಬರಿಗೊಬ್ಬರು ನಮಸ್ಕಾರ ಮಾಡಿದ ಹಾಗೆ ಕಂಡಿತು. ಇಬ್ಬರಿಗೂ ಅವಮಾನವಾಯಿತು.

"ಅಕ್ಕಾ, ಈ ಕಾರ್ಡಲ್ಲಿರೋದು ನಾನಾ ಇವನಾ?" ಎಂದ ಬೀಗದವನು.

"ಇದು ನಾನೇ. ಅವನ ನಂಬರ್ ಯಾಕೆ ಬಂತು ಅಂತ ಕೇಳಿ ಅವನನ್ನ" ಎಂದ ಛತ್ರಿಯವನು.

ಬ್ಯಾನರಕ್ಕನ ತೂಕಡಿಕೆ ಹಾರಿಹೋಯಿತು. ಅವಳು ಓರಣ್ಣನನ್ನು ಕೇಳಿದಳು.

"ಹೌದು" ಎಂದ ಓರಣ್ಣ. "ಒಂದೇ ವ್ಯಕ್ತಿಯ ಎರಡು ಪ್ರತಿಗಳು ಕಂಡುಬಂದವು. ಜಾಗ ಉಳಿಸುವ ಸಲುವಾಗಿ ಒಂದಾಗಿಸಲಾಗಿದೆ."

"ಇಬ್ರೂ ಬೇರೆ ಬೇರೆ ಕಣಪ್ಪ. ಯಾರನ್ನ ಇಟ್ಕೊಂಡೆ?"

"ಯಾರನ್ನೂ ಇಲ್ಲ. ಇಬ್ಬರಲ್ಲಿಯೂ ಸ್ಪಷ್ಟವಾಗಿದ್ದ ಭಾಗಗಳನ್ನು ಆಯ್ದುಕೊಂಡು ಉತ್ತಮವಾದ ಒಬ್ಬರನ್ನು ಸಿದ್ಧಪಡಿಸಲಾಗಿದೆ."

ಮೇಲೆ ಯಾರೋ ಮೆಟ್ಟಿಲು ಹತ್ತಿದರು, ಮಾನಿಟರು ನಡುಗಿತು. ಅಷ್ಟರಲ್ಲಿ ಅತ್ತೆ ಬಂದು, ಕನ್ನಡಕ ಏರಿಸಿಕೊಂಡು, ಕಾರ್ಡನ್ನು ಒಮ್ಮೆ, ಇಬ್ಬರ ಮುಖವನ್ನು ಒಮ್ಮೆ ನೋಡಿದರು. ಚಡ್ಡಿ ಹಾಕುವ ಕಾಲದಿಂದ ಇಬ್ಬರನ್ನೂ ಕಂಡವರು ಅವರು.

"ಇವ್ನು ನಿಮ್ಮಿಬ್ರಲ್ಲಿ ಯಾರೂ ಅಲ್ಲ. ಇವ್ನು ಲಕ್ಷಣವಾಗಿದಾನೆ" ಎಂದರು.

ಮಾತು ಬೀದಿಗೆ ಬೀಳಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಅವಳಿಗಳಿಗೆ ಮೂರನೆಯವನೊಬ್ಬ ಇದ್ದಾನಂತೆ, ಎರಡೂ ಕೆಲಸ ಬಲ್ಲನಂತೆ, ಸಿಡುಕನಲ್ಲವಂತೆ. ಗಿರಾಕಿಗಳು ಬೀಗದವನ ಹತ್ತಿರ ಬಂದು "ನೀವ್ ಬಿಡಿ, ಕಾರ್ಡಲ್ಲಿರೋರು ಯಾವಾಗ ಬರ್ತಾರೆ?" ಎಂದು ಕೇಳಿದರು. ಛತ್ರಿಯವನ ಹತ್ತಿರ "ನಿಮ್ ತಮ್ಮ ಆಗಿದ್ರೆ ಇವತ್ತೇ ಮಾಡ್ಕೊಡ್ತಿದ್ರು" ಎಂದರು. ಛತ್ರಿಯವನ ಹೆಂಡತಿ ಕೂಡ ಕಾರ್ಡು ಕೈಯಲ್ಲಿ ಹಿಡಿದು, ನೀವೂ ಹೀಗೆ ಒಂಚೂರು ನಗಬಾರದೇ ಎಂದಳಂತೆ.

ಒಂದು ಸಂಜೆ ಛತ್ರಿಯವನು ಬೀದಿಯುದ್ದಕ್ಕೂ ನಡೆದು ಬಂದು ಬೀಗದ ಅಂಗಡಿಯ ಮೆಟ್ಟಿಲ ಮೇಲೆ ಕೂತ.

"ನಿನ್ ಹತ್ರಾನೂ ಅವನನ್ನ ಕೇಳ್ತಾರಾ?"

"ಬೆಳಿಗ್ಗೆಯಿಂದ ಅದೇ."

"ಏನ್ ಮಹಾ ಕೆಲ್ಸ ಮಾಡಿದಾನೆ ಅವ್ನು?"

"ಒಂದು ಬೀಗಾನೂ ತೆಗೆದವನಲ್ಲ" ಎಂದು ಬೀಗದವನು ಕುರ್ಚಿ ಸರಿಸಿ ಕೊಟ್ಟ. ಕತ್ತಲಾಗುವವರೆಗೆ ಇಬ್ಬರೂ ಕೂತು ಅವನನ್ನು ಬೈದರು. ಅಷ್ಟು ವರ್ಷ ಒಬ್ಬರನ್ನೊಬ್ಬರು ಬೈಯಲು ಕೂಡಿಟ್ಟದ್ದೆಲ್ಲ ಹಾಗೆ ಖರ್ಚಾಯಿತು.

ಬ್ಯಾನರಕ್ಕ ಓರಣ್ಣನಿಗೆ ಎಲ್ಲವನ್ನೂ ಮೊದಲಿದ್ದ ಹಾಗೆ ಇಟ್ಟುಬಿಡಲು ಹೇಳಿದಳು.

"ತಾವು ನಿಶ್ಚಯವಾಗಿಯೂ ಅಸ್ತವ್ಯಸ್ತವನ್ನು ಬಯಸುತ್ತೀರಾ?"

"ಹೂಂ."

"ಕಾರಣ ತಿಳಿಸಬಹುದೇ?"

ಅವಳು ಸ್ವಲ್ಪ ಯೋಚಿಸಿ, "ಕೆಲ್ಸ ಇದೆ" ಎಂದಳು.

ಫೈಲುಗಳು ಒಂದೊಂದಾಗಿ ಪರದೆಯ ಮೇಲೆ ಬಂದು ಕೂತವು. ಲಿಫ್ಟಿನವನು ಪಕ್ಕದಲ್ಲಿ ನಿಂತು ತನ್ನ ಕೂದಲು, ಹಣೆ, ಮೂಗು ಮುಚ್ಚಿಹೋಗುವುದನ್ನು ನೋಡುತ್ತಿದ್ದ. "ಒಂದು ಕಣ್ಣಾದ್ರೂ ಬಿಡೇ" ಎಂದ. ಅವಳು ಆಮೇಲೆ "ಸಾಕಪ್ಪ ಸಾಕು" ಮತ್ತು "ಇನ್ನೂ ಇದೆ" ಎರಡನ್ನೂ ಅತ್ತಿತ್ತ ಸರಿಸಿ ಕಣ್ಣಿಗೆ ಜಾಗ ಮಾಡಿಕೊಟ್ಟಳು. ಕಂಪ್ಯೂಟರು ನಿಧಾನವಾದರೆ ಆಗಲಿ ಎಂದು ಅವನೇ ಹೇಳಿದ. ಓರಣ್ಣನನ್ನು ತೆಗೆದುಹಾಕಿದರು.

"ಹೋದ್ನಾ ಅವ್ನು?" ಎಂದು ಬಾಗಿಲಿನಾಚೆಯಿಂದ ಅತ್ತೆ ಕೇಳಿದರು.

"ಹೋದ, ಅತ್ತೆ."

"ಹಾಗಾದ್ರೆ ಬಾ ಇಲ್ಲಿ. ನಾಲ್ಕ್ ದಿನದಿಂದ ಕನ್ನಡಕದ ಡಬ್ಬಿ ಕಾಣ್ತಿಲ್ಲ."

ಅಣ್ಣತಮ್ಮಂದಿರಿಗೆ ಬೇರೆ ಬೇರೆ ಕಾರ್ಡು ಮಾಡಿಕೊಟ್ಟಳು. ಒಬ್ಬನಿಗೆ ಕನ್ನಡಕ ಹಾಕಿಸಿ ಹೊಸದಾಗಿ ಫೋಟೊ ತೆಗೆದಳು. ಆದರೆ ಹಳೆಯವು ಊರೆಲ್ಲ ಹಂಚಿಹೋಗಿದ್ದವು, ವಾಪಸು ತರುವಂತಿರಲಿಲ್ಲ.

ಕೆಲವು ತಿಂಗಳು ಕಳೆದ ಮೇಲೆ ಇಸ್ತ್ರಿ ಮಾಡಿದ ಅಂಗಿಯ ಹಿರಿಯರೊಬ್ಬರು ಅಂಗಡಿಗೆ ಬಂದರು. ಕೈಯಲ್ಲಿ ಆ ಕಾರ್ಡಿತ್ತು. ಮಗಳಿಗೆ ಗಂಡು ನೋಡುತ್ತಿದ್ದೇನೆ, ಈ ಹುಡುಗನ ಮುಖ ಮನಸ್ಸಿಗೆ ಬಂತು, ಅಚ್ಚು ಹಾಕಿದವರಿಗೆ ಗೊತ್ತಿರಬಹುದೆಂದು ಬಂದೆ ಎಂದರು. ಬ್ಯಾನರಕ್ಕ ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಒಳಗಿನಿಂದ ಉತ್ತರ ಕೊಟ್ಟರು.

"ಅವನಾ? ಅವ್ನು ಕಂಪ್ಯೂಟರಲ್ಲಿದಾನೆ."

"ಓ, ಕಂಪ್ಯೂಟರಲ್ಲಾ" ಎಂದು ಹಿರಿಯರ ಮುಖ ಅರಳಿತು. "ಸ್ವಭಾವ ಹೇಗಮ್ಮ?"

"ಬಾಯಿ ತೆರೆದಿದ್ದು ನಾನಂತೂ ನೋಡಿಲ್ಲ."

ಅವರು ವಿಳಾಸ ಹುಡುಕಿಕೊಂಡು ಛತ್ರಿ ಅಂಗಡಿಗೆ ಹೋದರು. ಬೀಗದವನೂ ಅಲ್ಲೇ ಕೂತು ಚಹಾ ಕುಡಿಯುತ್ತಿದ್ದ. ಕಾರ್ಡು ನೋಡಿದ್ದೇ ತಡ, ಇಬ್ಬರೂ ಒಂದೇ ದನಿಯಲ್ಲಿ "ಅವನ ಸುದ್ದಿ ಎತ್ತಬೇಡಿ" ಎಂದರಂತೆ. ಹಿರಿಯರು ಸಪ್ಪೆ ಮುಖದಲ್ಲಿ ಬ್ಯಾನರಕ್ಕನ ಹತ್ತಿರ ವಾಪಸು ಬಂದರು.

"ಅಣ್ಣಂದಿರಿಗೂ ಅವರಿಗೂ ಸರಿಯಿಲ್ಲ ಅನ್ಸುತ್ತೆ."

"ಇಲ್ಲ, ಸರಿಯಿಲ್ಲ" ಎಂದಳು ಅವಳು. ಸುಳ್ಳೇನೂ ಆಗಿರಲಿಲ್ಲ.

"ಯಾತಕ್ಕೆ ಬಂತು ಜಗಳ?"

"ಜಾಗದ ವಿಷ್ಯಕ್ಕೆ."

ಹಿರಿಯರು ನಿಟ್ಟುಸಿರು ಬಿಟ್ಟು, ಎಲ್ಲರ ಮನೆಯಲ್ಲೂ ಇದ್ದದ್ದೇ ಎಂದು ತಲೆಯಾಡಿಸಿದರು. ಕಾರ್ಡನ್ನು ಮಾತ್ರ ಬಿಟ್ಟುಹೋಗಲಿಲ್ಲ. ಇನ್ನೊಮ್ಮೆ ನೋಡಿ, ಜೇಬಿನೊಳಗೆ ಜೋಪಾನವಾಗಿ ಇಟ್ಟುಕೊಂಡು ಹೊರಟರು.